ಇಡೀ ಮನುಷ್ಯನಿಗೆ ಇಪ್ಪತ್ತು ರೂಪಾಯಿ

ಚಾಮರಾಜಪೇಟೆಯ ಮರಿಯಣ್ಣ ಧರ್ಮ ಚಿಕಿತ್ಸಾಲಯ ಡಾಕ್ಟರಿಲ್ಲದೆ ಬಾಗಿಲು ಹಾಕಿ ಎಷ್ಟು ದಿನವಾಯಿತು ಎಂದು ಕಾರ್ಯದರ್ಶಿ ಶೀನಣ್ಣ ಲೆಕ್ಕ ಇಡಬೇಕಾಗಿಯೇ ಇರಲಿಲ್ಲ. ಆ ಕೆಲಸವನ್ನು ರುದ್ರೇಶ್ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ಚಿಕಿತ್ಸಾಲಯದ ಗೇಟಿಗೆ ಒರಗಿ, ಎದುರುಮನೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಶೀನಣ್ಣನವರನ್ನು ಮಾತಾಡಿಸುತ್ತಿದ್ದ.

"ಅಂಕಲ್, ಇವತ್ತಿಗೆ ಎಂಬತ್ತೊಂದು ಅಲ್ವಾ?"

"ಹೌದಪ್ಪ."

"ಅವಸರ ಏನಿಲ್ಲ. ಸುಮ್ನೆ ಕೇಳ್ದೆ."

ಅವಸರ ಇಲ್ಲದವನು ಹೋದ ವಾರವೇ ಒಬ್ಬ ಎಂಜಿನಿಯರನ್ನು ಕರೆತಂದು ಕಟ್ಟಡದ ಅಳತೆ ತೆಗೆಸಿದ್ದ. ಕೆಳಗೆ ಅಡಿಗೆಮನೆ, ಮೇಲೆ ಮೂರು ಮಹಡಿ, ಒಟ್ಟು ನಲವತ್ತೆಂಟು ಹೆಣ್ಣುಮಕ್ಕಳ ಪಿಜಿ ಎಂಬುದು ಅವನ ಯೋಜನೆ. ಅವನನ್ನು ಬೈಯುವಂತೆಯೂ ಇರಲಿಲ್ಲ. ನಗರ್ತಪೇಟೆಯಲ್ಲಿ ಸಗಟು ವ್ಯಾಪಾರ ಮಾಡಿ ದುಡ್ಡು ಕಂಡ ಅವನ ಮುತ್ತಾತ ಮರಿಯಣ್ಣನವರೇ ಈ ಜಾಗ ದಾನ ಕೊಟ್ಟವರು. ವ್ಯಾಪಾರಸ್ಥರು ದಾನವನ್ನೂ ಷರತ್ತಿಲ್ಲದೆ ಕೊಡುವುದಿಲ್ಲ. ತೊಂಬತ್ತು ದಿನ ಒಂದೇ ಸಮನೆ ವೈದ್ಯರಿಲ್ಲದೆ ಹೋದರೆ ಕಟ್ಟಡ ತಮ್ಮ ವಂಶಕ್ಕೆ ವಾಪಸ್ಸು ಎಂದು ದಾನಪತ್ರದಲ್ಲಿ ಬರೆಸಿಬಿಟ್ಟಿದ್ದರು. ಪಾಪ, ಬೆಂಗಳೂರಿನಲ್ಲಿ ಡಾಕ್ಟರಿಗೆ ಬರ ಬರುತ್ತದೆ ಎಂದು ಅವರಿಗೆ ಕನಸು ಬಿದ್ದಿತ್ತೇ?

ಬರ ಅಂದರೆ ಎಂಥ ಬರ. ಅಲ್ಲಿಂದ ಒಂದು ಕಿಲೋಮೀಟರಿನೊಳಗೆ ಹೃದಯಕ್ಕೆ ಆರು ಜನ ಡಾಕ್ಟರಿದ್ದರು. ಚರ್ಮಕ್ಕೆ ಒಂಬತ್ತು ಜನ. ಮಕ್ಕಳಾಗದವರಿಗೆ ಮೂರು ಅಂತಸ್ತಿನ ಗಾಜಿನ ಕಟ್ಟಡವೇ ಇತ್ತು. ಜ್ವರ ಬಂದರೆ ಮಾತ್ರ ಯಾರೂ ಇರಲಿಲ್ಲ. ಚಿಕಿತ್ಸಾಲಯ ನಡೆಸುವ ಟ್ರಸ್ಟಿನ ಖಜಾಂಚಿ, ನಿವೃತ್ತ ಗಣಿತದ ಟೀಚರ್ ರಂಗನಾಯಕಿ ಕಳೆದ ತಿಂಗಳು ಗಂಟಲು ನೋವೆಂದು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು. ಗಂಟಲಿನವರು ನೋಡಿ ಎದೆಯವರ ಹತ್ತಿರ ಕಳಿಸಿದರು, ಎದೆಯವರು ಹೊಟ್ಟೆಯವರ ಹತ್ತಿರ. ಹೊಟ್ಟೆಯವರು ಮಂಗಳವಾರ ಮಾತ್ರ ಬರುತ್ತಿದ್ದರು. ಮಂಗಳವಾರದ ಹೊತ್ತಿಗೆ ಗಂಟಲು ತಾನಾಗಿಯೇ ವಾಸಿಯಾಗಿ, ಅಷ್ಟು ಹೊತ್ತು ಎಸಿಯಲ್ಲಿ ಕಾದದ್ದಕ್ಕೆ ನೆಗಡಿ ಹಿಡಿದಿತ್ತು.

ನಲವತ್ತು ವರ್ಷ ಈ ತೊಂದರೆಯೇ ಇರಲಿಲ್ಲ. ಡಾಕ್ಟರ್ ವರದರಾಜ ಇದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಒಂದರವರೆಗೆ ನೋಡುತ್ತಿದ್ದರು. ಫೀಸು ಇಪ್ಪತ್ತು ರೂಪಾಯಿ. ಟ್ರಸ್ಟು ಅವರಿಗೆ ಕೊಡುತ್ತಿದ್ದ ಗೌರವಧನ ಹದಿನೆಂಟು ಸಾವಿರ. ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಇಂಜೆಕ್ಷನ್ ಕೊಡುವಾಗ ಪೇಷಂಟಿಗಿಂತ ತಮ್ಮ ಕೈಯೇ ಹೆಚ್ಚು ನಡುಗುತ್ತಿದೆ ಎಂದು ಅವರೇ ಹೇಳಿ, ನಮಸ್ಕಾರ ಮಾಡಿ ಮೈಸೂರಿಗೆ ಹೋಗಿಬಿಟ್ಟರು.

ಹೊಸಬರನ್ನು ಹುಡುಕುವುದು ಕಷ್ಟವಲ್ಲ ಎಂದುಕೊಂಡಿದ್ದರು ಶೀನಣ್ಣ. ಅದೂ ನಿಜವೇ. ಸಂದರ್ಶನಕ್ಕೆ ಒಂಬತ್ತು ಜನ ಬಂದರು. ಒಬ್ಬರೂ ಎರಡನೇ ಸಲ ಬರಲಿಲ್ಲ, ಅಷ್ಟೆ.

ತಪ್ಪು ಶುರು ಮಾಡಿದವರು ಸ್ವತಃ ಶೀನಣ್ಣ. ಮೊದಲನೆಯವನು ತುಮಕೂರಿನ ಕಡೆಯ ಹುಡುಗ, ಮೆತ್ತಗಿನ ಮಾತು. ಹೆಸರು, ಊರು, ಓದಿದ್ದು ಎಲ್ಲ ಕೇಳಿ ಆದ ಮೇಲೆ ಶೀನಣ್ಣನವರ ನಾಲಿಗೆ ತಡೆಯಲಿಲ್ಲ.

"ಹೇಗಿದ್ರೂ ಬಂದಿದೀರ, ಒಂದ್ ಮಾತು ಕೇಳ್ತೀನಿ. ಮೆಟ್ಲು ಹತ್ತುವಾಗ ಮಂಡಿ ಕಟಕ್ ಅನ್ನತ್ತೆ. ಇಳಿಯುವಾಗ ಅನ್ನಲ್ಲ. ಯಾಕೆ?"

ಹುಡುಗ ಮಂಡಿ ಮುಟ್ಟಿ ನೋಡಿದ. ಅಷ್ಟರಲ್ಲಿ ರಂಗನಾಯಕಿ ಥೈರಾಯ್ಡ್ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಇದು ಬರೀ ತೋರ್ಸೋದು, ತೊಂದ್ರೆ ಏನಿಲ್ಲ" ಅಂದರು. ರಿಪೋರ್ಟು ತೋರಿಸುವುದಕ್ಕೆ ದುಡ್ಡಿಲ್ಲ ಎಂಬುದು ಆ ಬೀದಿಯಲ್ಲಿ ಸಂವಿಧಾನಕ್ಕಿಂತ ಹಳೆಯ ಕಾನೂನು. ಮೂರನೇ ಸದಸ್ಯ ದೊಡ್ಡಬೈರಪ್ಪ, ಮನೆ ಬಾಡಿಗೆ ಮತ್ತು ಸೈಟು ವ್ಯವಹಾರದವರು, ಮಾತಾಡದೆ ಶರ್ಟಿನ ಗುಂಡಿ ಬಿಚ್ಚಿ ಬೆನ್ನು ತಿರುಗಿಸಿ ಕೂತರು.

ಮೂರನೇ ಸಂದರ್ಶನದ ಹೊತ್ತಿಗೆ ಸುದ್ದಿ ಬೀದಿ ಪೂರ್ತಿ ಹಬ್ಬಿತು. ಭಾನುವಾರ ಹತ್ತಕ್ಕೆ ಧರ್ಮಾಸ್ಪತ್ರೆಗೆ ಹೊಸ ಡಾಕ್ಟರು ಬರ್ತಾರೆ, ಫ್ರೀ. ಐದನೆಯವರು ಬಂದಾಗ ರಂಗನಾಯಕಿಯವರ ಹತ್ತಿರ ಒಂದು ಪಟ್ಟಿಯೇ ತಯಾರಾಗಿತ್ತು. "ಮೂರನೆಯವ್ರು ಮಾತ್ರೆ ಬೆಳಿಗ್ಗೆ ಅಂದ್ರು, ನೀವು ರಾತ್ರಿ ಅಂತೀರಿ. ನಿಮ್ಮಿಬ್ರಲ್ಲಿ ಫೈನಲ್ ಇಯರ್‌ನಲ್ಲಿ ಯಾರಿಗೆ ಜಾಸ್ತಿ ಮಾರ್ಕ್ಸ್ ಬಂದಿತ್ತು?"

ಎಲ್ಲರೂ ಅದೇ ಒಂದು ಮಾತು ಹೇಳಿ ಹೋಗುತ್ತಿದ್ದರು. ಯೋಚನೆ ಮಾಡಿ ಫೋನ್ ಮಾಡ್ತೀವಿ. ಯೋಚನೆ ಮಾಡುತ್ತಿದ್ದರೋ ಏನೋ, ಫೋನಂತೂ ಮಾಡುತ್ತಿರಲಿಲ್ಲ.

ಈಗ ಉಳಿದಿದ್ದವು ಒಂಬತ್ತು ದಿನ. ಬಂದಿದ್ದ ಅರ್ಜಿ ಒಂದೇ ಒಂದು. ಡಾಕ್ಟರ್ ಧೃತಿ, ಗವಿಪುರಂ, ವಯಸ್ಸು ಇಪ್ಪತ್ತಾರು. ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದು, ಕಡೆಗೆ ಚಿಕಿತ್ಸಾಲಯ ಮುಚ್ಚಿದವರು ಎಂದು ಬೀದಿ ತಮ್ಮ ಹೆಸರು ಹೇಳುತ್ತದೆ ಎಂಬ ಯೋಚನೆಗೆ ಶೀನಣ್ಣನವರಿಗೆ ಊಟ ಸೇರುತ್ತಿರಲಿಲ್ಲ. ಶನಿವಾರವೇ ಕೂತು, ಒಳ್ಳೆಯ ಅಕ್ಷರದಲ್ಲಿ ಬರೆದು, ಬಾಗಿಲಿಗೆ ಅಂಟಿಸಿದರು: "ಸಂದರ್ಶನಕ್ಕೆ ಬರುವ ವೈದ್ಯರಿಗೆ ಕಾಯಿಲೆ ಹೇಳಬಾರದು. ರಿಪೋರ್ಟ್ ತೋರಿಸಬಾರದು. ಕೆಮ್ಮಬಾರದು."

ರಂಗನಾಯಕಿ ಕನ್ನಡಕ ಏರಿಸಿ ಓದಿದರು. "ಕೆಮ್ಮು ಬಂದ್ರೆ?"

"ನುಂಗ್ಕೊಳ್ಳಿ. ನೀವೂ ಅಷ್ಟೆ, ನಾಳೆ ಫೈಲು ಮನೇಲಿಟ್ಟು ಬನ್ನಿ."

"ಅಲ್ಲ ಶೀನಣ್ಣ, ಡಾಕ್ಟ್ರಿಗೆ ಬರುತ್ತೋ ಇಲ್ವೋ ಅಂತ ನಾವು ಪರೀಕ್ಷೆ ಮಾಡಬಾರ್ದಾ?"

"ಒಂಬತ್ತು ಜನಕ್ಕೆ ಪರೀಕ್ಷೆ ಮಾಡಿದೀವಿ. ಎಲ್ರೂ ನಮ್ಮನ್ನ ಫೇಲ್ ಮಾಡಿದಾರೆ."

ಭಾನುವಾರ ಹತ್ತಕ್ಕೆ ಐದು ನಿಮಿಷ ಇದ್ದಾಗ ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ತೆಗೆದ ಹುಡುಗಿ ಬಾಗಿಲ ಚೀಟಿ ಓದಿದಳು. ಕೆಳತುಟಿ ಕಚ್ಚಿ ನಗು ತಡೆದು ಒಳಗೆ ಬಂದು ಕೂತಳು.

ಮೊದಲು ಬಾಯಿ ಬಿಟ್ಟವರು ದೊಡ್ಡಬೈರಪ್ಪ. "ಬರೀ ಎಂಬಿಬಿಎಸ್ಸೇನಮ್ಮ? ಮುಂದಕ್ಕೇನೂ ಓದಿಲ್ವಾ?"

"ಬರೀ ಎಂಬಿಬಿಎಸ್ ಸಾರ್. ಐದೂವರೆ ವರ್ಷದ ಬರೀ."

ಶೀನಣ್ಣ ಅಭ್ಯಾಸವಿಲ್ಲದ ಕಟ್ಟುನಿಟ್ಟಿನಲ್ಲಿ, ಕಾಯಿಲೆಯ ಗಂಧವೇ ಇಲ್ಲದ ಪ್ರಶ್ನೆಗಳನ್ನು ಕೇಳಿದರು. ಮನೆಯಿಂದ ಬರಲು ಎಷ್ಟು ಹೊತ್ತು ಬೇಕು, ಭಾನುವಾರ ರಜ ಬೇಕಾ, ಕಾಫಿಗೆ ಸಕ್ಕರೆ ಹಾಕಬಹುದಾ. ಪಕ್ಕದಲ್ಲಿ ರಂಗನಾಯಕಿ ಸೆರಗಿನೊಳಗೆ ಏನನ್ನೋ ಅವುಚಿಕೊಂಡು ಕೂತಿದ್ದರು. ಅದು ಆಗಾಗ ಪ್ಲಾಸ್ಟಿಕ್ ಫೈಲಿನ ಹಾಗೆ ಕರಕರ ಸದ್ದು ಮಾಡುತ್ತಿತ್ತು. ಶೀನಣ್ಣ ಪ್ರತಿ ಸದ್ದಿಗೂ ಕಣ್ಣು ಬಿಡುತ್ತಿದ್ದರು.

ಎಲ್ಲ ಸರಿಯಾಗಿ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಲಕ್ಕಮ್ಮ ಬಂದಳು. ಬೀದಿ ಮೂಲೆಯಲ್ಲಿ ಹೂವು ಮಾರುವವಳು. ಚೀಟಿ ಓದಲು ಅವಳಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಓದುವ ಸ್ಥಿತಿಯಲ್ಲಿ ಇರಲಿಲ್ಲ. ಬಲಗಾಲು ಪಾದದಿಂದ ಮೀನಖಂಡದವರೆಗೆ ಊದಿ ಕೆಂಪಗೆ ಹೊಳೆಯುತ್ತಿತ್ತು.

"ಲಕ್ಕಮ್ಮ, ಇವತ್ತು ಬೇಡ, ಸಂದರ್ಶನ ನಡೀತಿದೆ," ಎಂದು ಶೀನಣ್ಣ ಎದ್ದರು. ಎದ್ದ ಮೇಲೆ ಅವಳ ಕಾಲು ಕಣ್ಣಿಗೆ ಬಿತ್ತು. ತಾವೇ ದಾರಿ ಬಿಟ್ಟರು.

ಧೃತಿ ಆಗಲೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಚಪ್ಪಲಿ ಕಚ್ಚಿದ ಗಾಯ. ಹದಿನೈದು ದಿನದಿಂದ ಲಕ್ಕಮ್ಮ ಅರಿಶಿನ ಮೆತ್ತಿಕೊಂಡು ಓಡಾಡಿದ್ದಳು. ಧೃತಿ ತನ್ನ ಬ್ಯಾಗಿನಿಂದ ಯಂತ್ರ ತೆಗೆದು ಬೆರಳಿಗೆ ಚುಚ್ಚಿ ನೋಡಿದಳು. ಸಕ್ಕರೆ ಮುನ್ನೂರ ನಲವತ್ತು.

"ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಮ್ಮ ನಿಮಗೆ?"

"ಇಲ್ಲ ಕಣವ್ವ. ನಾನು ಟೀಗೂ ಬೆಲ್ಲನೇ ಹಾಕದು."

ಗಾಯ ತೊಳೆದು, ಕಟ್ಟು ಹಾಕಿ, ಔಷಧಿ ಬರೆದು, ಯಾವುದು ಯಾವಾಗ ಎಂದು ಹೂವಿನ ಲೆಕ್ಕದಲ್ಲಿ ಹೇಳಿಕೊಟ್ಟಳು ಧೃತಿ. ಬೆಳಿಗ್ಗೆ ಹೂವು ಬಿಡಿಸುವ ಹೊತ್ತಿಗೆ ಒಂದು, ಸಂಜೆ ದೇವಸ್ಥಾನದ ಗಂಟೆ ಹೊತ್ತಿಗೆ ಒಂದು. ನಾಳೆ ಮತ್ತೆ ತೋರಿಸಬೇಕು. ಕೆಂಪು ಮೇಲಕ್ಕೆ ಹತ್ತಿದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆ. ಇನ್ನೆರಡು ದಿನ ಬಿಟ್ಟಿದ್ದರೆ ಕಾಲಿನ ಬೆರಳಿಗೆ ಕಷ್ಟವಿತ್ತು ಎಂದೂ ಹೇಳಿದಳು. ಲಕ್ಕಮ್ಮ ಸೊಂಟದ ಚೀಲಕ್ಕೆ ಕೈ ಹಾಕಿದಳು.

"ಎಷ್ಟಾಯ್ತವ್ವ?"

"ಅಯ್ಯೋ, ಏನಿಲ್ಲ ಲಕ್ಕಮ್ಮ. ಇವತ್ತು ಇಂಟರ್ವ್ಯೂ. ಫ್ರೀ," ಅಂದರು ಶೀನಣ್ಣ.

"ಮುನ್ನೂರು," ಅಂದಳು ಧೃತಿ.

ರಂಗನಾಯಕಿಯವರ ಸೆರಗಿನೊಳಗಿನ ಸದ್ದು ನಿಂತಿತು. ಹೊರಗೆ ಕಿಟಕಿ ಪಕ್ಕ ಯಾರೋ ಕೆಮ್ಮುತ್ತಿದ್ದವರೂ ನಿಲ್ಲಿಸಿದರು. ಬಡವಿಯ ಹತ್ತಿರ ಹೀಗೆ ಕೇಳುವುದೇ ಎಂದು ಶೀನಣ್ಣನವರಿಗೆ ನಾಚಿಕೆಯಾಯಿತು. ಲಕ್ಕಮ್ಮನಿಗೆ ಮಾತ್ರ ಮುಖ ಅರಳಿತು. ಮೂವತ್ತು ವರ್ಷದಿಂದ ಅವಳು ಮಾಡುತ್ತಾ ಬಂದ ಚೌಕಾಸಿಯೇ ಇದು, ಇವತ್ತು ಕೊಳ್ಳುವವರ ಕಡೆಯಿಂದ.

"ಮುನ್ನೂರು ಜಾಸ್ತಿ ಆಯ್ತವ್ವ. ನೂರು ತಗಾ."

"ಆಗಲ್ಲಮ್ಮ. ಬಟ್ಟೆ, ಔಷಧಿ, ಸಕ್ಕರೆ ನೋಡೋ ಸ್ಟ್ರಿಪ್ ಎಲ್ಲ ನಂದೇ. ಇನ್ನೂರೈವತ್ತು ಕೊಡಿ."

"ಬೋಣಿ ಟೈಮು. ನೂರಾ ಇಪ್ಪತ್ತು."

"ನಿಮ್ಮ ಮಲ್ಲಿಗೆ ಮೊಳ ಎಷ್ಟು?"

"ಹಬ್ಬಕ್ಕೆ ಎಂಬತ್ತು. ನಿಂಗಾದ್ರೆ ಎಪ್ಪತ್ತು."

"ಹಾಗಾದ್ರೆ ಎರಡು ಮೊಳದ ಮೇಲೆ ಸ್ವಲ್ಪ ಹಾಕಿ. ನೂರೈವತ್ತು. ಇನ್ನು ಇಳಿಯಲ್ಲ."

"ನಾಳೆ ಕಟ್ಟು ಬಿಚ್ಚಕ್ಕೆ ಮತ್ತೆ ಕೊಡಕಿಲ್ಲ."

"ಬೇಡ. ಅದು ಇದರಲ್ಲೇ ಸೇರ್ತು."

ನೂರೈವತ್ತು ಮೇಜಿನ ಮೇಲೆ ಬಿತ್ತು. ಫೀಸು ಏರಿಸುವ ವಿಷಯವನ್ನು ಟ್ರಸ್ಟು ಹನ್ನೊಂದು ವರ್ಷದಲ್ಲಿ ಏಳು ಸಭೆ ಕರೆದು, ಏಳು ಸಲ ಬೋಂಡ ತಿಂದು, ಮುಂದಕ್ಕೆ ಹಾಕಿತ್ತು. ಲಕ್ಕಮ್ಮ ಅದನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿ, ಬಾಗಿಲಲ್ಲಿ ನಿಂತು ಹೊರಗಿನವರಿಗೆ ಸಾರಿದಳು. "ನೂರೈವತ್ತು ಕಣ್ರಪ್ಪ. ಚೌಕಾಸಿ ಮಾಡಬ್ಯಾಡಿ, ನಾನು ಮಾಡಿ ಆಗೈತೆ. ದೊಡ್ಡಾಸ್ಪತ್ರೆಗೆ ಆಟೋನೇ ಅಷ್ಟು ಕೇಳ್ತಾನೆ."

ಹೊರಗೆ ಹತ್ತೊಂಬತ್ತು ಜನ ಇದ್ದರು. ಬರೀ ರಿಪೋರ್ಟು ತೋರಿಸಲು ಬಂದವರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ತಟ್ಟನೆ ನೆನಪಾಯಿತು. ನಿಜವಾಗಿ ಮೈಯಲ್ಲಿ ಹುಷಾರಿಲ್ಲದ ಹನ್ನೊಂದು ಜನ ಉಳಿದರು. ಸಂದರ್ಶನಕ್ಕೆ ಬಂದ ಹುಡುಗಿ ಅವರನ್ನೆಲ್ಲ ನೋಡಿ ಮುಗಿಸುವಾಗ ಹನ್ನೆರಡೂವರೆ. ಮೂವರು ಸದಸ್ಯರೂ ಅಷ್ಟು ಹೊತ್ತು ಗೋಡೆ ಪಕ್ಕ, ಮದುವೆಮನೆಯಲ್ಲಿ ಯಾರ ಕಡೆಯವರೆಂದು ಗೊತ್ತಾಗದ ನೆಂಟರ ಹಾಗೆ ನಿಂತಿದ್ದರು.

ಕೊನೆಗೆ ಶೀನಣ್ಣ ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರಮ್ಮ, ಸಂಬಳದ ವಿಷಯ. ನಾವು ಗೌರವಧನ ಅಂತೀವಿ. ತಿಂಗಳಿಗೆ ಹದಿನೆಂಟು ಸಾವಿರ."

ಧೃತಿ ಕೈ ಒರೆಸಿಕೊಂಡಳು. ಸಿಟ್ಟು ಮಾಡಿಕೊಳ್ಳಲಿಲ್ಲ. "ಸಾರ್, ನನ್ನ ಕ್ಲಾಸ್‌ಮೇಟ್ ಒಬ್ಬ ಕೂದಲು ನೆಡೋ ಕ್ಲಿನಿಕ್‌ನಲ್ಲಿದಾನೆ. ಅಲ್ಲಿ ಒಂದು ಕೂದಲಿನ ಬುಡಕ್ಕೆ ಮೂವತ್ತೈದು ರೂಪಾಯಿ ತಗೋತಾರೆ. ನೀವು ತಲೆ, ಕೈ, ಕಾಲು, ಹೊಟ್ಟೆ ಎಲ್ಲ ಸೇರಿ ಇಡೀ ಮನುಷ್ಯನಿಗೆ ಇಪ್ಪತ್ತು ತಗೋತೀರಿ. ಅವನಿಗೆ ಎಂಬತ್ತೈದು ಸಾವಿರ ಸಂಬಳ. ನನ್ನನ್ನೂ ಕರೀತಿದಾನೆ, ನಾಳೆ ಉತ್ತರ ಹೇಳ್ಬೇಕು. ನನಗೆ ಕೂದಲು ಇಷ್ಟ ಇಲ್ಲ. ಆದ್ರೆ ಸ್ಕೂಟರಿಗೆ ಪೆಟ್ರೋಲ್ ಇಷ್ಟ."

"ವರದರಾಜ ಡಾಕ್ಟ್ರು ನಲವತ್ತು ವರ್ಷ ಒಂದ್ ಮಾತು ಕೇಳ್ಲಿಲ್ವಲ್ಲಮ್ಮ," ಅಂದರು ರಂಗನಾಯಕಿ.

"ಅವರ ಮನೆ ಬಾಡಿಗೆ ಎಷ್ಟಿತ್ತು ಮೇಡಂ?"

ಉತ್ತರ ದೊಡ್ಡಬೈರಪ್ಪನವರಿಂದ ಬಂತು. ಬಾಡಿಗೆ ಎಂಬ ಪದ ಕಿವಿಗೆ ಬಿದ್ದರೆ ಅವರಿಗೆ ನಿದ್ದೆಯಲ್ಲೂ ಲೆಕ್ಕ ಬರುತ್ತಿತ್ತು. "ಸ್ವಂತ ಮನೆ. ಅದೂ ಅಲ್ದೆ ಮಾರ್ಕೆಟ್ ಹತ್ರ ಮೂರು ಅಂಗಡಿ ಮಳಿಗೆ ಇದ್ವಲ್ಲ ಅವರಪ್ಪನ ಕಾಲದ್ದು. ನಾನೇ ಬಾಡಿಗೆಗೆ ಕೊಡ್ಸಿದ್ದು. ತಿಂಗಳಿಗೆ ಒಂದ್ ಲಕ್ಷದ ಇಪ್ಪತ್ತು ಸಾವ್ರ ಬರ್ತಿತ್ತು."

ಶೀನಣ್ಣ ಗೋಡೆಯ ಮೇಲಿದ್ದ ಮರಿಯಣ್ಣನವರ ಫೋಟೋ ನೋಡಿದರು. ನಲವತ್ತು ವರ್ಷ ಈ ಚಿಕಿತ್ಸಾಲಯ ನಡೆಸಿದ್ದು ಟ್ರಸ್ಟೂ ಅಲ್ಲ, ಮರಿಯಣ್ಣನವರೂ ಅಲ್ಲ. ಆ ಮಳಿಗೆಗಳಲ್ಲಿದ್ದ ಒಂದು ಪಾತ್ರೆ ಅಂಗಡಿ, ಒಂದು ಅಗರಬತ್ತಿ ಅಂಗಡಿ, ಒಂದು ಟೈಲರ್ ಅಂಗಡಿ ಸೇರಿ ನಡೆಸಿದ್ದವು. ಡಾಕ್ಟರಿಗೆ ಎಷ್ಟು ಬೇಕಾಗುತ್ತದೆ ಎಂದು ಕೇಳುವ ಪ್ರಸಂಗವೇ ತಮಗೆ ಯಾವತ್ತೂ ಬಂದಿರಲಿಲ್ಲ.

"ನಿಮಗೆ ಎಷ್ಟು ಬೇಕಮ್ಮ?" ಎಂದರು. ಹತ್ತು ಸಂದರ್ಶನಗಳಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಎಪ್ಪತ್ತು ಸಾವಿರ. ವಾರಕ್ಕೊಂದು ರಜ. ನಾನು ಬೀದೀಲಿ ತರಕಾರಿ ತಗೊಳ್ಳುವಾಗ ಯಾರೂ ನಾಲಿಗೆ ಚಾಚಿ ತೋರಿಸಬಾರ್ದು."

ರಂಗನಾಯಕಿ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಎಲ್ಲರೂ ಅವರಿಗೆ ತಲೆ ಸುತ್ತು ಬಂತೆಂದುಕೊಂಡರು. ಅವರು ಗುಣಿಸುತ್ತಿದ್ದರು. "ದಿನಕ್ಕೆ ಮೂವತ್ತು ಜನ, ನೂರೈವತ್ತರಂತೆ, ಇಪ್ಪತ್ತೈದು ದಿನ. ಒಂದು ಲಕ್ಷದ ಹನ್ನೆರಡೂವರೆ ಸಾವಿರ. ಸಂಬಳ, ಕರೆಂಟು, ಔಷಧಿ ಎಲ್ಲ ಹೋಗಿ ಉಳಿಯತ್ತೆ ಶೀನಣ್ಣ. ಕೊಡಕ್ಕಾಗದ ಹತ್ತು ಜನಕ್ಕೆ ಬಿಟ್ರೂ ತಿಂಗಳು ತೂಗತ್ತೆ." ಕಣ್ಣು ತೆರೆದು, ಅಪಮಾನವಾದವರ ಹಾಗೆ ಸೇರಿಸಿದರು. "ಇಷ್ಟು ಸುಲಭದ ಲೆಕ್ಕ ಯಾಕೆ ಯಾರೂ ನನಗೆ ಕೊಡ್ಲಿಲ್ಲ?"

ದೊಡ್ಡಬೈರಪ್ಪ ಕಾರಿಗೆ ಹೋಗಿ ಒಪ್ಪಂದದ ಕಾಗದ ತಂದರು. ಅವರ ಹತ್ತಿರ ಯಾವಾಗಲೂ ಸಿದ್ಧವಿರುತ್ತಿದ್ದದ್ದು ಒಂದೇ ನಮೂನೆ, ಮನೆ ಬಾಡಿಗೆಯದು. ಅದನ್ನೇ ಅಲ್ಲಲ್ಲಿ ಹೊಡೆದು ತಿದ್ದಿದರು. ಹೀಗಾಗಿ ಡಾಕ್ಟರ್ ಧೃತಿ ಹನ್ನೊಂದು ತಿಂಗಳ ಅವಧಿಗೆ, ಎರಡು ತಿಂಗಳ ನೋಟಿಸಿನ ಮೇಲೆ, ಗೋಡೆಗೆ ಮೊಳೆ ಹೊಡೆಯದೆ, ಕಾನೂನುಬಾಹಿರ ಚಟುವಟಿಕೆ ನಡೆಸದೆ ಜ್ವರ ನೋಡಿಕೊಳ್ಳಲು ಒಪ್ಪಬೇಕಾಯಿತು.

ಅವಳು ಪೂರ್ತಿ ಓದಿದಳು. "ಹನ್ನೊಂದು ತಿಂಗಳು ಸರಿ. ಆಮೇಲೆ ಎಂಡಿ ಸೀಟು ಸಿಕ್ಕಿದ್ರೆ ಹೊರಡ್ತೀನಿ, ಈಗ್ಲೇ ಹೇಳಿದೀನಿ. ಅಡ್ವಾನ್ಸ್ ಎಷ್ಟು?"

"ಅಯ್ಯೋ, ನೀವೇನೂ ಕೊಡಂಗಿಲ್ಲ ಬುಡಮ್ಮ," ಅಂದರು ಬೈರಪ್ಪ, ದೊಡ್ಡ ಮನಸ್ಸು ಮಾಡಿ.

"ನಾನಲ್ಲ ಸಾರ್. ನೀವು ಕೊಡ್ಬೇಕು. ಮೂರು ತಿಂಗಳದ್ದು."

ದೊಡ್ಡಬೈರಪ್ಪ ಮೂವತ್ತೈದು ವರ್ಷದಲ್ಲಿ ಸಾವಿರಾರು ಜನರಿಂದ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಂಡವರು. ಅಡ್ವಾನ್ಸ್ ಎಂಬುದು ಈ ಕಡೆಗೂ ಹರಿಯಬಹುದು ಎಂದು ಅವರು ತಿಳಿದಿರಲಿಲ್ಲ. "ಅದೆಂಗಮ್ಮ ಆಯ್ತದೆ? ಅಡ್ವಾನ್ಸ್ ಕೊಡೋರು ಗರಜು ಇರೋರು."

ಧೃತಿ ಹೆಲ್ಮೆಟ್ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು.

ಬೈರಪ್ಪ ಹೆಲ್ಮೆಟ್ ನೋಡಿದರು, ಶೀನಣ್ಣನವರನ್ನು ನೋಡಿದರು, ಗೇಟಿನ ಕಡೆ ನೋಡಿದರು. "ಒಳ್ಳೆ ಪಾರ್ಟಿ ಬುಡ್ರಿ ನೀವು," ಎಂದು ನಿಜವಾದ ಗೌರವದಿಂದ ಹೇಳಿ ತಿದ್ದಿ ಬರೆದರು. ಎರಡು ತಿಂಗಳ ಅಡ್ವಾನ್ಸಿಗೆ ಒಪ್ಪಂದವಾಯಿತು. ಅದಕ್ಕೆ ಟ್ರಸ್ಟಿನ ಎಫ್‌ಡಿ ಮುರಿಯಬೇಕಿತ್ತು. ರಂಗನಾಯಕಿ ಆ ಎಫ್‌ಡಿಯನ್ನು ಹದಿನಾಲ್ಕು ವರ್ಷದಿಂದ ಮಗುವಿನ ಹಾಗೆ ಸಾಕಿದ್ದರು. ಸಹಿ ಹಾಕುವಾಗ ಮುಖ ಆಚೆ ತಿರುಗಿಸಿಕೊಂಡರು. ಇಂಜೆಕ್ಷನ್ ಹಾಕಿಸಿಕೊಳ್ಳುವಾಗಲೂ ಅವರು ಮಾಡುತ್ತಿದ್ದದ್ದು ಹೀಗೆಯೇ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದಿತ್ತು. ವಾಕಿಂಗ್ ಮುಗಿಸಿ ಬಂದ ರುದ್ರೇಶ್ ಎಂಬತ್ತೆರಡು ಎನ್ನಲು ಬಾಯಿ ತೆರೆದವನು ಹಾಗೆಯೇ ಒಳಗೆ ನಡೆದು ಬಂದ. ಒಪ್ಪಂದದ ಕಾಗದ ಕೇಳಿ ಪಡೆದು, ಖಾಲಿಯಿದ್ದ ಬೆಂಚಿನ ತುದಿಯಲ್ಲಿ ಕೂತು, ಎರಡು ಸಲ ಓದಿದ.

"ಹನ್ನೊಂದು ತಿಂಗಳು ಅಂತಿದೆ ಅಂಕಲ್."

"ಹೌದು."

"ಆಮೇಲೆ ಅವರು ಹೊರಟೋಗ್ತಾರೆ."

"ಹೋಗಬಹುದು."

"ಆಮೇಲೆ ಮತ್ತೆ ತೊಂಬತ್ತು ದಿನ." ರುದ್ರೇಶ್ ನಕ್ಕ. ಕೆಟ್ಟ ನಗುವಲ್ಲ, ತಾಳ್ಮೆಯ ನಗು. "ನನಗೇನೂ ಅವಸರ ಇಲ್ಲ. ಕಾಯ್ತೀನಿ."

ನಿನ್ನೆ ಮೊನ್ನೆಯ ಶೀನಣ್ಣ ಆಗಿದ್ದರೆ ಈ ಮಾತಿಗೆ ಬೆವರುತ್ತಿದ್ದರು. ಇವತ್ತು ಅವರಿಗೆ ಪುರುಸೊತ್ತಿರಲಿಲ್ಲ. ಬಾಗಿಲಲ್ಲಿ ಒಬ್ಬಳು ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು, ಕೂರಲು ಜಾಗ ಹುಡುಕುತ್ತಿದ್ದಳು. ಹನ್ನೊಂದು ತಿಂಗಳಾದ ಮೇಲೆ ಇನ್ನೊಬ್ಬರನ್ನು ಹುಡುಕಬೇಕು, ನಿಜ. ಆದರೆ ಈ ಸಲ ಏನು ಕೇಳಬೇಕೆಂದು ಗೊತ್ತಿದೆ.

"ಕಾಯಪ್ಪ, ಬೇಡ ಅನ್ನಲ್ಲ," ಎಂದು ಶೀನಣ್ಣ ಅವನ ಕೈಯಿಂದ ಕಾಗದ ಮೆಲ್ಲಗೆ ಬಿಡಿಸಿಕೊಂಡರು. "ಆದ್ರೆ ಸ್ವಲ್ಪ ಆಚೆ ನಿಂತು ಕಾಯಿ. ಇದು ಪೇಷಂಟ್ ಕೂರೋ ಬೆಂಚು."

ರುದ್ರೇಶ್ ಎದ್ದ. ತಾಯಿ ಮಗುವಿನ ಜೊತೆ ಕೂತಳು. ಒಳಗಿನಿಂದ ಧೃತಿ ಮುಂದಿನವರನ್ನು ಕರೆದಳು.